ಹಿತ್ತಲಿನ ಸಬ್ಬಸಿಗೆ ಪಾತಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೂಗು ನಮ್ಮವ್ವನದು, ಹಟ ನನ್ನ ಹೆಂಡತಿಯದು. ಹಂಪಾಪುರಕ್ಕೆ ಬರುವ ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಮರುದಿನ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನೇ, "ಗೊತ್ತು ಕಣ್ ತಾತ, ಮೊದ್ಲು ಬಸ್ ಅತ್ತು" ಎಂದ. ಇಷ್ಟು ಸಂತೋಷವಿರುವವನು ತಲೆ ತಗ್ಗಿಸಿಕೊಂಡು ಏಕೆ ಓಡಾಡುತ್ತಾನೆ ಎಂದರೆ, ಕಾರಣ ಒಂದು ಪಾತಿ ಸೊಪ್ಪು.

ಹೊಲವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನಾನು ಜಗಲಿಯ ಮನುಷ್ಯ. ನಶ್ಯ ಏರಿಸುವುದು, ದಾರಿಹೋಕರಿಗೆ ಬುದ್ಧಿ ಹೇಳುವುದು, ಇಷ್ಟೇ ಉದ್ಯೋಗ. ಕೆಲಸವಿಲ್ಲದ ಕೈಗೆ ಸಂತೋಷ ಬರಬಾರದು. ಬಂದರೆ ಏನನ್ನಾದರೂ ಕೀಳುತ್ತದೆ.

ಅಂದು ಪುರುಡು ಕಳೆಯುವ ದಿನ. ಅದುವರೆಗೆ ಕೂಸನ್ನು ಬಾಗಿಲಾಚೆಯಿಂದ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ. ಒಳಗೆ ಹೆಂಗಸರು ಬಾಣಂತಿ ಮಗಳಿಗೂ ಕೂಸಿಗೂ ನೀರು ಹಾಕುತ್ತಿದ್ದರು. ಕೂತಲ್ಲಿ ಕೂರಲಾರದೆ ಹಿತ್ತಲಿಗೆ ಹೋದೆ. ಬಚ್ಚಲ ನೀರು ಹರಿಯುವ ಕಡೆ, ಪಾತಿಯ ತುಂಬ ಬೆರಳುದ್ದದ, ನೂಲಿನೆಳೆಯಂಥ ಹುಲ್ಲು. ಮೊಮ್ಮಗಳು ಬಂದ ಮನೆಯಲ್ಲಿ ಕಳೆಯೇ? ಒಂದೆಳೆ ಬಿಡದೆ ಕಿತ್ತು ಎಮ್ಮೆಗೆ ಹಾಕಿದೆ. ಎಮ್ಮೆಯೂ ಸಂತೋಷಪಟ್ಟಿತು. ರಾಗಿ ಹೊಲದ ಕಳೆಯನ್ನು ನಾನು ಬದುವಿನ ಮೇಲಿಂದಲೇ ಗುರುತಿಸಬಲ್ಲೆ. ಆದರೆ ನಮ್ಮಲ್ಲಿ ಹೊಲ ಗಂಡಸರದು, ಹಿತ್ತಲು ಹೆಂಗಸರದು. ಗಂಡಸು ಹಿತ್ತಲು ದಾಟುವುದು ಚೊಂಬು ಹಿಡಿದಾಗ ಮಾತ್ರ.

ಕೈ ತೊಳೆದು ಬಂದೆ. ಕೂಸನ್ನು ತಂದು ನನ್ನ ಅಂಗೈಗಳ ಮೇಲಿಟ್ಟರು. ನನ್ನ ಹೆಂಡತಿ ಸಣ್ಣಮ್ಮ ಬಗ್ಗಿ ಮೂಸಿದಳು.

"ಇದೇನ್ರೀ, ನಿಮ್ ಕೈ ಸಬ್ಬಸಿಗೆ ವಾಸ್ನೆ ಒಡೀತದೆ?"

ನಶ್ಯಕ್ಕೆ ಸೋತ ನನ್ನ ಮೂಗಿಗೆ ಏನೂ ತಿಳಿದಿರಲಿಲ್ಲ. "ಇತ್ಲಲ್ಲಿ ಕಳೆ ಕಿತ್ತೆ" ಎಂದೆ, ಹೆಮ್ಮೆಯಿಂದ.

ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ಸಬ್ಬಸಿಗೆ ತಿಂದರೆ ಹಾಲು ಇಳಿಯುತ್ತದೆಂದು ಸಣ್ಣಮ್ಮ ಹೆರಿಗೆಗೆ ಮೊದಲೇ ದಿನ ನೋಡಿ ಬೀಜ ಉದುರಿಸಿ, ಕೋಳಿ ಕಾಲಿಡದಂತೆ ಕಾದಿದ್ದಳು. ಅಂದಿನ ಬಾಣಂತಿಯ ಊಟಕ್ಕೆಂದೇ ಬೆಳೆದ ಸೊಪ್ಪು ಅದು. ಕೂಸು ಬೆಚ್ಚೀತೆಂದು ಪಿಸುದನಿಯಲ್ಲೇ ಬೈದಳು. ಕೂಗಿ ಬೈದದ್ದು ಗಾಳಿಗೆ ಹೋಗುತ್ತದೆ; ಪಿಸುದನಿಯದು ಒಳಗೇ ಉಳಿಯುತ್ತದೆ.

"ಬಾಣಂತಿ ಯಾರು? ನಿಮ್ ಮಗ್ಳಾ, ಎಮ್ಮೆಯಾ?"

ಕೈಯಲ್ಲಿ ಕೂಸು, ಓಡುವಂತೆಯೂ ಇಲ್ಲ. ಅಷ್ಟರಲ್ಲಿ ಕೂಸು ಹಸಿದು ಬಾಯಿ ತಿರುಗಿಸಿ ನನ್ನ ಹೆಬ್ಬೆರಳನ್ನೇ ಚೀಪತೊಡಗಿತು. ಹೆಂಡತಿಯ ಮಾತಿಗೆ ಬಗ್ಗದ ತಲೆ ಅದಕ್ಕೆ ಬಗ್ಗಿತು.

ಕೂಸನ್ನು ಕೊಟ್ಟು, ಟವಲು ಹೆಗಲಿಗೆ ಹಾಕಿ, ಹಿತ್ತಲಿಂದ ಹಿತ್ತಲಿಗೆ ಬೇಡಲು ಹೊರಟೆ. ನನಗಿಂತ ಮುಂಚೆ ಸುದ್ದಿ ಹೋಗಿತ್ತು. ಗಾಡಿ ಗಾಲಿ ಮಾಡುವ ಸಾಬರ ಹೆಂಡತಿ ಬೂಬಮ್ಮ ಬೇಲಿಯಾಚೆಯಿಂದಲೇ, "ಏನ್ ಯಜಮಾನ್ರೇ, ಎಮ್ಮೆ ಈಗ ಜಾಸ್ತಿ ಆಲು ಕೊಡ್ತದಾ?" ಎಂದಳು. ನಗುತ್ತಲೇ ಮಡಿಲು ತುಂಬ ಸೊಪ್ಪು ಕಿತ್ತಳು, ಬೀಜವನ್ನೂ ಕಟ್ಟಿಕೊಟ್ಟಳು. "ಮರಿ ಇದ್ದಾಗ ಇಂಗೇ ಇರೋದು, ನೋಡ್ಕೊಳಿ" ಎಂದು ಒಂದು ಎಳೆಯ ಗಿಡವನ್ನು ಬಾಗಿಸಿ ತೋರಿಸಿದಳು. ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಷ್ಟು ನವಿರು! ಪಕ್ಕದಲ್ಲೇ ಬಸಳೆ, ದೊಡ್ಡಪತ್ರೆ, ಬೇಲಿಗೆ ಹಬ್ಬಿದ ತೊಂಡೆ. ಇಷ್ಟು ವರ್ಷ ಇವೆಲ್ಲ ತಟ್ಟೆಗೆ ತಾವಾಗಿಯೇ ಬರುತ್ತವೆಂದುಕೊಂಡಿದ್ದೆನಲ್ಲ!

ಮಧ್ಯಾಹ್ನ ಮಗಳು ಸೊಪ್ಪುಂಡಳು. ನಾನು ಪಾತಿ ಕೆದಕಿ ಬೀಜ ಉದುರಿಸಿ, ಕೂಸಿಗೆ ಹುಯ್ದ ನೀರು ಅತ್ತ ಹರಿಯುವಂತೆ ಕಾಲುವೆ ತಿದ್ದಿದೆ. ಸೊಂಟ ಹಿಡಿದುಕೊಂಡಿತು. ಆದರೂ ಬೆಳಗಿನಿಂದ ಜಗಲಿಯಲ್ಲಿ ಚಡಪಡಿಸುತ್ತಿದ್ದ ಸಂತೋಷ ಈಗ ಮಣ್ಣಲ್ಲಿ ಕೂತು ಸುಮ್ಮನಾಗಿತ್ತು. ಅದಕ್ಕೂ ಒಂದು ಕೆಲಸ ಬೇಕಿತ್ತು, ಪಾಪ.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು: ಮಗ, ಸೊಸೆ, ನಾನು, ಬಾಗಿಲ ಬಳಿ ಕೂಸನ್ನು ಮಲಗಿಸಿಕೊಂಡು ಮಗಳು. ಸಣ್ಣಮ್ಮ ನನ್ನ ಮುದ್ದೆಯ ಪಕ್ಕ ಸಬ್ಬಸಿಗೆ ಪಲ್ಯ ಬಡಿಸಿ, ಸೌಟು ಹಿಡಿದೇ ಕೇಳಿದಳು:

"ಇನ್ನೊಸಿ ಕಳೆ ಆಕ್ಲಾ?"

ಮಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಪ್ಪಿನ ಗುಣವೋ, ಆ ನಗುವಿನ ಗುಣವೋ, ಕೂಸು ಮಾತ್ರ ಹೊಟ್ಟೆ ತುಂಬಿ, ಯಾವ ಗದ್ದಲಕ್ಕೂ ಏಳದೆ ಮಲಗಿತ್ತು. ನಾನು ತಲೆಯೆತ್ತದೆ ತಟ್ಟೆ ಮುಂದಕ್ಕೆ ತಳ್ಳಿದೆ.

"ಆಕು."