ಅಕ್ಕನ ಹಾಡಿನ ಜಾಗದಲ್ಲಿ ಭಾವನ ದನಿ

ಮಕ್ಕಳೇ, ಇದು ಇವತ್ತು ಮಧ್ಯಾಹ್ನದ್ದು. ಅಕ್ಕ ಹಾಡಿದ ಮದುವೆಯ ಹಸೆ ಹಾಡನ್ನು ಅವಳಿಗೇ ಕೇಳಿಸೋಣವೆಂದು ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಹಾಕಿದೆ. ‘ಕಾಪಿ ಆಯಿತು’ ಎಂದು ಕಂಡದ್ದೇ ಕಿತ್ತು ಟೀವಿಗೆ ಚುಚ್ಚಿದೆ. ಪರದೆಯ ಮೇಲೆ ಹಾಡಿನ ಹೆಸರೇ ಇತ್ತು. ಒತ್ತಿದರೆ ಬಂದದ್ದು ಹೋದ ವರ್ಷ ತೀರಿಕೊಂಡ ಭಾವನ ದನಿ.

“ಏ, ಒಂದು ಲೋಟ ನೀರು ಕೊಡೆ.”

ಆ ಪೆನ್‌ಡ್ರೈವಿನಿಂದ ನಾನೇ ಎಂದೋ ಅಳಿಸಿದ್ದ ರೆಕಾರ್ಡಿಂಗು ಅದು. ಅಡುಗೆಮನೆಯಿಂದ ಅಕ್ಕ, “ಬಂದೆ, ತಡ್ಕಳಿ” ಎಂದಳು. ಲೋಟ ಹಿಡಿದು ಬಂದವಳು ನನ್ನೊಬ್ಬನನ್ನೇ ಕಂಡು ಹಾಗೇ ನಿಂತಳು.

ಬಾಳಗಡಿಯ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದೆ. “ಎಂತ ಮಾರಾಯ್ರೆ, ಅದು ಆಯ್ತು ಅನ್ನೋದು ಮೊದಲು, ಬರೆಯೋದು ಆಮೇಲೆ. ಅಲ್ಲಿವರೆಗೆ ಹಾಡು ಕಂಪ್ಯೂಟರಿನ ಮೆಮೊರಿಯಲ್ಲೇ ಇರ್ತದೆ. ನೀವು ಕೀಳುವಾಗ ಹೆಸರು ಮಾತ್ರ ಬರೆದಾಗಿತ್ತು. ಅಳಿಸಿದ್ದು ಆ ಜಾಗದಲ್ಲಿ ಹಾಗೇ ಉಳಿದಿತ್ತು. ಹಾಡು ಇನ್ನೊಮ್ಮೆ ಹಾಕಿ, ಆ ಹಳೇದು ಹೋಗ್ತದೆ.”

ಅಕ್ಕನಿಗೆ ಹೇಳಿದೆ. “ಹಾಡು ನಾನೇ ಹಾಡ್ತೆ. ಅದರ ಮೇಲೆ ಎಂತದೂ ಬರೀಬೇಡ” ಎಂದಳು.

ಅವಳು ಇಟ್ಟ ನೀರಿನ ಲೋಟ ಇನ್ನೂ ಟೀವಿಯ ಮುಂದೆಯೇ ಇದೆ. ತೆಗೆಯಲು ಹೋದರೆ, “ಇರ್ಲಿ, ಕುಡೀಲಿ” ಎನ್ನುತ್ತಾಳೆ.