ಅತ್ತೆ ಬೆಳೆಸಿದ ಟ್ಯೂಲಿಪ್

ದೀಪಾವಳಿ ಕಳೆದು ಬೆಳಗಿನ ಗಾಳಿಗೆ ಸ್ವಲ್ಪ ತಂಪು ಬರುವ ದಿನಗಳಲ್ಲಿ, ಯಾದಗಿರಿಯ ನನ್ನ ಮನೆಯ ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಒಂದು ವಾಸನೆ ಮುಖಕ್ಕೆ ಬಂದು ತಾಗುತ್ತದೆ. ಒಣಸಿಪ್ಪೆ, ತಣ್ಣಗಾದ ಕಾಗದ, ಕಂಡಿರದ ಊರಿನ ಮಣ್ಣು ಮೂರೂ ಬೆರೆತ ವಾಸನೆ ಅದು. ತರಕಾರಿಯ ತಟ್ಟೆಯನ್ನು ಖಾಲಿ ಮಾಡಿ ನಾನು ಅಲ್ಲಿ ಪ್ರತಿವರ್ಷ ಟ್ಯೂಲಿಪ್ ಗಡ್ಡೆಗಳನ್ನು ಇಡುತ್ತೇನೆ. ಬಿಸಿಲಿನ ನಮ್ಮ ಸೀಮೆಯಲ್ಲಿ ಅವು ಚಿಗುರಬೇಕಾದರೆ ಮೊದಲು ಎರಡು ತಿಂಗಳ ಸುಳ್ಳು ಚಳಿಗಾಲವೊಂದನ್ನು ಅವುಗಳಿಗೆ ಕಟ್ಟಿಕೊಡಬೇಕು. ಆ ವಾಸನೆ ಬಂದ ಕ್ಷಣ ನಾನು ಯಾದಗಿರಿಯಲ್ಲಿ ಇರುವುದಿಲ್ಲ. ಶಹಾಪುರದ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ, ನೀಲವ್ವತ್ತೆಯ ಸೀರೆಯ ಸೆರಗು ಹಿಡಿದು ನಿಂತಿರುತ್ತೇನೆ.

ಆ ಮನೆ ಈಗ ಇಲ್ಲ. ರಸ್ತೆ ಅಗಲವಾದಾಗ ಅದರ ಪಡಸಾಲೆ ಹೋಯಿತು. ಉಳಿದದ್ದನ್ನು ನಾವೇ ಕೆಡವಿ ಹಂಚಿಕೊಂಡೆವು. ಆದರೆ ಕಣ್ಣು ಮುಚ್ಚಿದರೆ ಇಂದಿಗೂ ನಾನು ಅದರಲ್ಲಿ ಎಡವದೆ ನಡೆಯಬಲ್ಲೆ. ಬರಿಗಾಲಿಗೆ ತಣ್ಣಗೆ ತಾಗುತ್ತಿದ್ದ ಪರಸಿ ಕಲ್ಲಿನ ನೆಲ, ಬೇಸಿಗೆಯಲ್ಲಿ ಮಲಗಲು ಏರುತ್ತಿದ್ದ ಮಣ್ಣಿನ ಮಾಳಿಗೆ, ಹಿಂದೆ ನುಗ್ಗೆ, ಕರಿಬೇವು, ಬಚ್ಚಲ ನೀರು ಕುಡಿದು ಕೊಬ್ಬಿದ ಬಸಳೆ, ಇವೆಲ್ಲದರ ಆಚೆ ಗೋಡೆಗೆ ಒರಗಿದ ಮಲ್ಲಿಗೆಯ ಹಂದರ. ಆ ಮಲ್ಲಿಗೆಯನ್ನು ನೆಟ್ಟವಳು ಮದುವೆಗೆ ಮುಂಚಿನ ನೀಲವ್ವತ್ತೆ, ನನ್ನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ ಅತ್ತೆ ಅದನ್ನು ಮುಟ್ಟಲಿಲ್ಲ. ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳದೆಯೇ ನಡೆಯುವ ನಿಷೇಧಗಳೇ ನಮ್ಮ ಮನೆಗಳಲ್ಲಿ ಹೆಚ್ಚು ಗಟ್ಟಿಯಾಗಿರುತ್ತವೆ. ಅವುಗಳ ವಿರುದ್ಧ ವಾದಿಸಲು ಎದುರಿಗೆ ಒಂದು ಮಾತಾದರೂ ಸಿಗುವುದಿಲ್ಲ. ಬೆಳಿಗ್ಗೆ ಎದ್ದು ಅವಳು ನುಗ್ಗೆಗೆ, ಕರಿಬೇವಿಗೆ, ಬದನೆಯ ಸಾಲಿಗೆ ನೀರು ಹೊರುತ್ತಿದ್ದಳು. ಹಂದರಕ್ಕೆ ಎರಡು ಹೆಜ್ಜೆ ಈಚೆಗೆ ಅವಳ ಕೊಡ ನಿಲ್ಲುತ್ತಿತ್ತು. ಅಲ್ಲಿಂದ ಮುಂದಿನ ನೀರು ನನ್ನ ತಾಯಿಯದು. ನಿಮ್ಮ ಮನೆಯಲ್ಲಿಯೂ ಹೀಗೆ ಕೊಡ ಇಳಿಸಿ ನಿಂತ ಒಬ್ಬ ಅತ್ತೆ ಇದ್ದಿರಬಹುದು. ಇದ್ದರೆ, ಅವಳ ಕಣ್ಣು ಆಗ ಎಲ್ಲಿರುತ್ತಿತ್ತೆಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಒಂದು ವರ್ಷ ಸೈನ್ಯದಲ್ಲಿದ್ದ ಕಾಕಾ ದಸರೆಯ ರಜೆಗೆ ಕಾಶ್ಮೀರದಿಂದ ಬಂದರು. ಅವರ ಟ್ರಂಕಿನಲ್ಲಿ ಅಕ್ರೋಟಿನ ಜೊತೆ ಒಂದು ಬಟ್ಟೆಯ ಚೀಲವಿತ್ತು. ಚೀಲದೊಳಗೆ ಕಂದು ಸಿಪ್ಪೆಯ ಗಡ್ಡೆಗಳು. ನೋಡಲು ಥೇಟು ಉಳ್ಳಾಗಡ್ಡಿ. ಅಲ್ಲಿ ಗುಡ್ಡದ ಬುಡದಲ್ಲಿ ಇವು ಹೊಲಹೊಲವಾಗಿ ಅರಳುತ್ತವೆ, ಹೂವು ಆಗಲೇ ಗಡ್ಡೆಯ ಹೊಟ್ಟೆಯೊಳಗೆ ತಯಾರಾಗಿರುತ್ತದೆ, ಒಂದೆರಡು ತಿಂಗಳು ಥಂಡಿಯಲ್ಲಿಟ್ಟು ಮಣ್ಣಿಗೆ ಹಾಕಿದರಾಯಿತು ಎಂದು ಕಾಕಾ ವಿವರಿಸಿದರು. ಮಾತು ಮುಗಿಯುವ ಮೊದಲೇ ನನ್ನ ಅಜ್ಜಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಆ ಮನೆಯ ಒಡತಿ, ಹುಬ್ಬು ಗಂಟಿಕ್ಕಿದರು.

"ಹೊಟ್ಟ್ಯಾಗ ಹೂವು ಐತಿ ಅಂತಿ. ಬಸುರಿ ಹೆಣ್ಮಗಳನ್ನ ಥಂಡ್ಯಾಗ ಕೂಡಸ್ತಾರೇನು, ಮಗನ? ಮಿಲಿಟ್ರ್ಯಾಗ ಇದನ್ನ ಕಲಿಸ್ಯಾರೇನು ನಿನಗ?"

ಅದು ಸೀಗೆ ಹುಣ್ಣಿಮೆಯ ವಾರ. ಹೊಲದಲ್ಲಿ ನಿಂತ ಬೆಳೆಯನ್ನು ಬಸುರಿಯೆಂದು ಬಗೆದು, ಉಡಿ ತುಂಬಿ, ಬಯಕೆಯ ಅಡುಗೆ ಉಣಿಸಿ ಬರುವ ಹಬ್ಬವದು. ಭೂಮಿಯನ್ನೇ ಬಸುರಿಯಾಗಿ ಕಾಣುವ ಮುದುಕಿಗೆ ಒಂದು ಚೀಲ ಗಡ್ಡೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಾಕಾ ರಜೆ ಮುಗಿಸಿ ಬಸ್ಸು ಹತ್ತಿದ ದಿನವೇ ಆಯಿ ಆ ಗಡ್ಡೆಗಳನ್ನು ಹಳೆಯ ಕೌದಿಯಲ್ಲಿ ಸುತ್ತಿ, ನಮ್ಮನ್ನೆಲ್ಲ ಹಡೆದ ಬಾಣಂತಿ ಕೋಣೆಯಲ್ಲಿ, ಒಲೆಯ ಗೋಡೆಗೆ ತಾಗಿಸಿ ಬೆಚ್ಚಗೆ ಇಟ್ಟರು. ನಮ್ಮ ಮನೆಯ ಅತ್ಯುತ್ತಮ ವಾತ್ಸಲ್ಯವನ್ನೇ ಅವುಗಳಿಗೆ ಕೊಟ್ಟರು. ಅದೇ ಅವುಗಳಿಗೆ ವಿಷವಾಯಿತು. ಕೆಲವು ದಿನಗಳ ಮೇಲೆ ಕೋಣೆಯಿಂದ ಹುಳಿವಾಸನೆ ಬಂದಾಗ ಕೌದಿ ಬಿಚ್ಚಿದವಳು ನೀಲವ್ವತ್ತೆ. ಒಂದೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿ ನೋಡಿದಳು. ಹೆಚ್ಚಿನವು ಬೆಂದ ಗೆಣಸಿನಂತೆ ಮೆತ್ತಗಾಗಿದ್ದವು. ಗಟ್ಟಿ ಉಳಿದ ಮೂರನ್ನು ಸೆರಗಿನಲ್ಲಿ ಕಟ್ಟಿಕೊಂಡು, ಥಂಡಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದಳು.

ನಮ್ಮ ಓಣಿಗೆಲ್ಲ ಥಂಡಿ ಸಿಗುತ್ತಿದ್ದದ್ದು ಮಹಬೂಬ್ ಚಾಚಾನ ಸೋಡಾ ಅಂಗಡಿಯಲ್ಲಿ. ಅವನ ಫ್ರಿಜ್ಜಿನ ಕೆಳಗಿನ ಮೂಲೆಯಲ್ಲಿ, ಬಾಟಲಿಗಳ ಹಿಂದೆ, ಆ ಮೂರು ಗಡ್ಡೆ ಚಳಿಗಾಲ ಕಳೆದವು. ಬಂದುಹೋಗುವವರಿಗೆಲ್ಲ ಅವನು ಅದನ್ನು ತೋರಿಸಿ ನಗುತ್ತಿದ್ದ. ಶಾಲೆಯಿಂದ ಬರುವಾಗ ನಾನು ಇಣುಕಿದರೆ, "ಅವ್ವಾರೇ, ನಿಮ್ಮ ಮನಿ ಉಳ್ಳಾಗಡ್ಡಿ ಭಾಳ ನವಾಬ ಅದಾವು. ನಾನು ಬಿಸಲಾಗ ಕುಂತೀನಿ, ಅವು ಒಳಗ ಮಲಗ್ಯಾವು" ಎನ್ನುತ್ತಿದ್ದ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹಬ್ಬದಡುಗೆಯ ಚರಗ ಚೆಲ್ಲಿ ಬಂದ ಮರುದಿನ ಗಡ್ಡೆಗಳನ್ನು ಮನೆಗೆ ತಂದೆವು. ಯಾರು ನೆಡಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಗಡ್ಡೆ ನೆಡುವುದು ಬದನೆ, ಉಳ್ಳಾಗಡ್ಡಿಯ ಲೆಕ್ಕಕ್ಕೆ ಸೇರಿದ ಕೆಲಸ, ಅದು ಅತ್ತೆಯದೇ. ಒಡೆದ ಕೊಡವೊಂದರ ತಳದಲ್ಲಿ ಮರಳು, ಸಗಣಿಗೊಬ್ಬರ, ಕರಿಮಣ್ಣು ಬೆರೆಸಿ, ಚೂಪು ಮೇಲಾಗಿಸಿ ಅವಳು ನೆಟ್ಟಳು. ಕೊಡವನ್ನು ಬಿಸಿಲು ತಾಗದ ಬಚ್ಚಲ ಗೋಡೆಯ ನೆರಳಿಗೆ ಇಟ್ಟಳು. ಹೂವು ಬಿಡುತ್ತದೆಂದು ಕಾಕಾ ಹೇಳಿದ್ದನ್ನು ಆಯಿ ಮರೆತಿದ್ದರೋ, ಮರೆತಂತೆ ಇದ್ದರೋ ನಾನು ಅರಿಯೆ. ಅತ್ತೆ ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಎಲ್ಲಕ್ಕಿಂತ ಮೊದಲ ನೀರು ಆ ಕೊಡಕ್ಕೆ ಹೋಗುತ್ತಿತ್ತು.

ಎರಡು ಗಡ್ಡೆ ಎಲೆಯಲ್ಲೇ ನಿಂತವು. ಮೂರನೆಯದು ಶಿವರಾತ್ರಿಗೆ ಮುಂಚೆ ಒಂದು ಮೊಗ್ಗು ಎತ್ತಿತು. ಮೊದಲು ಹಸಿರು, ಆಮೇಲೆ ತುದಿಯಲ್ಲಿ ಕೆಂಪು. ಒಂದು ಬೆಳಿಗ್ಗೆ ಅದು ತೆರೆದುಕೊಂಡಿತು. ಗಿಡ್ಡ ದಂಟಿನ ಮೇಲೆ, ಕುಂಕುಮದ ಭರಣಿಯಷ್ಟು ದೊಡ್ಡ, ಒಳಗೆ ಹಳದಿಯ ತಳವಿದ್ದ ಹೂವು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು, ಆಯಿ ಮತ್ತು ನಾನು ಪಕ್ಕದಲ್ಲಿ ನಿಂತಿದ್ದೆವು. ಅದೇ ಹೊತ್ತಿಗೆ ಮಜ್ಜಿಗೆಗೆಂದು ಬಂದ ಪಕ್ಕದ ಮನೆಯ ಈರಮ್ಮಕಾಕಿ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು. ಹೂವನ್ನು ನೋಡಿದಳು, ಅತ್ತೆಯ ಬರಿಹಣೆಯನ್ನು ನೋಡಿದಳು, ಕೊನೆಗೆ ಆಯಿಯ ಕಡೆ ತಿರುಗಿ, "ಹೂವಿನ ಗಿಡ ಹಚ್ಚೋದಂದ್ರ ಕೈ ನೋಡಿ ಹಚ್ಚಸಬೇಕಲ್ಲೇನ್ರಿ ಆಯಿ? ಮುಂದ ಮನ್ಯಾಗ ಮದಿವಿ ಆಗೋ ಹುಡಿಗ್ಯಾರ ಅದಾರ" ಎಂದಳು.

ನಾನು ಆಗ ಏಳನೆಯ ತರಗತಿ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದ ಹುರುಪಿನಲ್ಲಿದ್ದೆ. ಮದುವೆಯಾಗಬೇಕಾದ ಆ ಹುಡುಗಿ ನಾನೇ ಎಂಬ ಸಿಟ್ಟೂ ಇತ್ತು. ಬಾಯಿ ತೆರೆದೆ. ಆಯಿ ಕೈಯೆತ್ತಿ ನನ್ನನ್ನು ತಡೆದರು. ಕಷ್ಟಪಟ್ಟು ಬಗ್ಗಿ, ಹೂವಿಗೆ ಮೂಗು ತಾಗಿಸಿ ಮೂಸಿದರು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ತೀರ್ಪು ಕೊಟ್ಟರು.

"ಇದಕ್ಕ ವಾಸನಿ ಇಲ್ಲ. ದೇವರಿಗೆ ಏರಸಂಗಿಲ್ಲ, ತುರುಬಿಗೆ ನಿಲ್ಲಂಗಿಲ್ಲ. ಇದೆಂಥಾ ಹೂವು? ಇದು ಗಡ್ಡಿ. ಗಡ್ಡಿಗೆ ಯಾರ ಕೈ ಆದ್ರೇನು, ಈರಮ್ಮಾ? ಮಜ್ಜಿಗಿ ತಗೊಂಡು ಹೋಗು."

ಆಮೇಲೆ ಕಾಲೇಜಿನ ವೇದಿಕೆಗಳಲ್ಲಿ ನಾನು ಎಷ್ಟೋ ಜಾಣ ವಾದಗಳನ್ನು ಕೇಳಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ, ಎದುರಾಳಿಯ ನಿಯಮವನ್ನು ಮುರಿಯದೆ ಅವಳ ಕೈಯಿಂದಲೇ ಅದನ್ನು ಕಸಿದುಕೊಂಡ ವಾದ ಇನ್ನೊಂದಿಲ್ಲ. ಅದು ಮಗಳಿಗೆ ತಾಯಿ ಹಿಡಿದ ಕೊಡೆ. ಈರಮ್ಮಕಾಕಿ ಸೋತು ಹೊರಡಲು ತಿರುಗಿದ್ದಳು. ಆಗ ನೀಲವ್ವತ್ತೆ ಕುಳಿತಲ್ಲಿಂದಲೇ, ಧ್ವನಿ ಏರಿಸದೆ ಹೇಳಿದಳು.

"ಗಡ್ಡಿ ಅಲ್ಲವ್ವಾ. ಹೂವು. ನಾನ ಹಚ್ಚೀನಿ."

ಆಯಿ ಕಟ್ಟಿಕೊಟ್ಟ ನೆರಳಿನಲ್ಲಿ ಸುಮ್ಮನೆ ಕುಳಿತಿದ್ದರೆ ಅತ್ತೆಗೆ ಆ ಕೊಡ ಉಳಿಯುತ್ತಿತ್ತು, ಮರುವರ್ಷವೂ ಉಳಿಯುತ್ತಿತ್ತು. ಅವಳಿಗೆ ಬೇಕಾದದ್ದು ಕೊಡ ಆಗಿರಲಿಲ್ಲ. ತನ್ನ ಕೈಯಿಂದ ಹೂವು ಅರಳುತ್ತದೆ ಎಂಬ ಮಾತು ಆ ಹಿತ್ತಲಲ್ಲಿ, ಹೊರಗಿನವರ ಮುಂದೆ, ಒಮ್ಮೆ ಆಡಲ್ಪಡಬೇಕಿತ್ತು. ಆಯಿ ಅವಳನ್ನು ಬಹಳ ಹೊತ್ತು ನೋಡಿ ಒಳಗೆ ಹೋದರು. ಬಿಸಿಲು ಇಳಿದ ಮೇಲೆ ಆಯಿ ಬಚ್ಚಲಿನಿಂದ ತುಂಬಿದ ಕೊಡವನ್ನು ತಾವೇ ಎಳೆದು ತಂದು ಅತ್ತೆಯ ಮುಂದಿಟ್ಟು, ಬೇರೆ ಎಲ್ಲಿಯೋ ನೋಡುತ್ತ, "ಮಲ್ಲಿಗಿ ಒಣಗಾಕತ್ತೈತಿ. ನೀನ ಹಚ್ಚಿದ್ದು. ನೀರು ಹಾಕು" ಎಂದರು.

ಆ ಬೇಸಿಗೆ ಹಂದರ ಬಿಳಿಯಾಯಿತು. ಅತ್ತೆ ಮೊಗ್ಗು ಬಿಡಿಸಿ, ಮಾಲೆ ಕಟ್ಟಿ, ನನ್ನ ಜಡೆಗೆ ಮುಡಿಸಿದಳು. ತಾನು ಮುಡಿಯಲಿಲ್ಲ, ಕೊನೆಯವರೆಗೂ ಮುಡಿಯಲಿಲ್ಲ. ಕಟ್ಟಿದ ಮೇಲೆ ಬೆರಳುಗಳನ್ನು ಮೂಗಿಗೆ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದಳು, ಅಷ್ಟೇ. ಅವಳು ನಿಂತ ಆ ಜಾಗದಿಂದ ಮುಂದಿನ ಹೆಜ್ಜೆ ನಮ್ಮದೆಂದು ನಾನು ನಂಬಿದ್ದೇನೆ. ಸುರಪುರದ ಕಡೆಯ ಹಳ್ಳಿಗಳ ಸಭೆಗಳಲ್ಲಿ ಹೆಣ್ಣುಮಕ್ಕಳ ಎದುರು ಮಾತಾಡುವಾಗ ನನ್ನ ಧ್ವನಿ ನಡುಗದಿರುವುದು ಅದೇ ನಂಬಿಕೆಯಿಂದ. ಗಂಡ ಸತ್ತ ತಾಯಂದಿರು ಮಗಳ ಮದುವೆಯಲ್ಲಿ ಹೂವು ಮುಡಿದು ಅಕ್ಷತೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೂ ಕಾಣುತ್ತೇನೆ.

ಆದರೆ ಆ ಗಡ್ಡೆ ಮತ್ತೆ ಹೂ ಬಿಡಲಿಲ್ಲ. ನಮ್ಮ ಮಣ್ಣಿನ ಬಿಸಿಗೆ ಟ್ಯೂಲಿಪ್ ಒಂದೇ ಸಲ ಅರಳಿ ತನ್ನನ್ನು ತೀರಿಸಿಕೊಳ್ಳುತ್ತದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಮುಂದಿನ ವರ್ಷವೂ ಅತ್ತೆ ಅದನ್ನು ಚಾಚಾನ ಫ್ರಿಜ್ಜಿಗೆ ಕಳಿಸಿದಳು. ಒಂದು ಬಡಕಲು ಎಲೆ ಬಂತು, ಆಮೇಲೆ ಅದೂ ಇಲ್ಲ. ಆಯಿ ಹೋದರು, ಚಾಚಾನ ಅಂಗಡಿ ಹೋಯಿತು, ಅತ್ತೆ ಹೋದಳು, ಹಂದರದ ಜಾಗದಲ್ಲಿ ಈಗ ಸಿಮೆಂಟು ಇದೆ. ಹೊಸ ಗಡ್ಡೆಗಳನ್ನು ನಾನು ಪ್ರತಿವರ್ಷ ತರಿಸುತ್ತೇನೆ. ಅವು ಅರಳಿದ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಟ್ಯೂಲಿಪ್ ಬಿಸಿಲಿಗೆ ತೆರೆದು ಸಂಜೆಗೆ ಮುಚ್ಚಿಕೊಳ್ಳುವ ಹೂವು. ಆಯಿ ಕೊಡ ತಂದಿಟ್ಟ ಆ ಸಂಜೆ ಮಲ್ಲಿಗೆಗೆ ನೀರು ಹಾಕಿ ಬಂದ ಅತ್ತೆ, ಒದ್ದೆ ಸೆರಗಿನಲ್ಲಿಯೇ ತನ್ನ ಟ್ಯೂಲಿಪ್ಪಿನ ಮುಂದೆ ಕುಳಿತು, ಕೆಂಪು ಎಸಳುಗಳು ಒಂದಕ್ಕೊಂದು ಸೇರಿ ಮತ್ತೆ ಮೊಗ್ಗಿನಂತಾಗುವವರೆಗೂ ಎದ್ದಿರಲಿಲ್ಲ. ನಾನೂ ಈಗ ಅಷ್ಟು ಹೊತ್ತು ಕುಳಿತಿರುತ್ತೇನೆ.