ಪೆನ್ಸಿಲ್ ತಾಗದ ಹಾಳೆ

ಓದುಗರೆಲ್ಲರಿಗೂ ಶರಣು. ನಾನು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುವವನು. ಕನ್ನಡ ಶಾಲೆ ಕಂಡದ್ದು ಏಳನೇ ಇಯತ್ತೆಯವರೆಗೆ, ಆಮೇಲಿನದೆಲ್ಲ ಮರಾಠಿ. ತಪ್ಪುಗಳಾಗುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರು ಮಹಾರಾಷ್ಟ್ರದ ಗಡಿಯ ವಲಾಂಡಿ. ನಾನು ಹತ್ತನೆಯದು ಪಾಸಾಗುವ ಹೊತ್ತಿಗೆ ಮೀಸೆಯಲ್ಲಿ ಬಿಳಿ ಕೂದಲು ಬಂದಿತ್ತು. ಹನ್ನೆರಡನೆಯದನ್ನು ಹೊಲದ ಕೆಲಸದ ನಡುವೆಯೇ ಮುಗಿಸಿ, ಉದಗೀರದ ಒಂದು ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿದೆ. ಮೊದಲ ದಿನ ನನ್ನ ಪುಸ್ತಕದ ಚೀಲ ನೋಡಿ ಹೆಂಡತಿ, "ದಪ್ತರ ಹೆಗಲಿಗಿ ಹಾಕ್ಕೊಂಡು ಹೊಂಟೀರಿ, ಡಬ್ಬಿ ಮರ್ತು ಬಂದು ಅಳಬ್ಯಾಡ್ರಿ ಮತ್ತ" ಎಂದು ನಕ್ಕಳು.

ತರಗತಿಯ ಹುಡುಗ ಹುಡುಗಿಯರೆಲ್ಲ ನನ್ನನ್ನು ಕಾಕಾ ಎಂದರು. ಫ್ಯಾನಿನ ಕೆಳಗಿನ ಬೆಂಚನ್ನು ನನಗೊಬ್ಬನಿಗೇ ಬಿಟ್ಟುಕೊಟ್ಟರು. ನಾನು ಒಳಗೆ ಬಂದರೆ ಹರಟೆ ನಿಲ್ಲುತ್ತಿತ್ತು. ಮರ್ಯಾದೆಗೇನೂ ಕಡಿಮೆ ಇರಲಿಲ್ಲ.

ರಾಜ್ಯಶಾಸ್ತ್ರದ ಮ್ಯಾಡಮ್ ನನಗಿಂತ ಚಿಕ್ಕವರು. ಅವರದೊಂದು ಪದ್ಧತಿಯಿತ್ತು. ಪಾಠ ಮುಗಿದ ಮೇಲೆ ಒಂದು ಪ್ರಶ್ನೆ ಕೊಡುತ್ತಿದ್ದರು. ಉತ್ತರ ಬರೆದು ಹಾಳೆಗಳನ್ನು ಅದಲು ಬದಲು ಮಾಡಿಕೊಂಡು, ಇನ್ನೊಬ್ಬರ ತಪ್ಪಿನ ಸುತ್ತ ಪೆನ್ಸಿಲಿನಿಂದ ದುಂಡಗೆ ಗುಂಡ ಎಳೆಯಬೇಕು. ಇದಕ್ಕೆ ಅಂಕ ಇಲ್ಲ, ಕಲಿಯಲಿಕ್ಕಷ್ಟೇ. ನಾನು ಎಲ್ಲರ ಹಾಳೆಗೂ ಧಾರಾಳವಾಗಿ ಗುಂಡ ಸುತ್ತುತ್ತಿದ್ದೆ. ನನ್ನ ಹಾಳೆ ಮಾತ್ರ ಹೋದಂತೆಯೇ, ತೊಳೆದ ಧೋತರದ ಹಾಗೆ ಬೆಳ್ಳಗೆ ತಿರುಗಿ ಬರುತ್ತಿತ್ತು. "ಛಾನ್ ಆಹೇ, ಕಾಕಾ", ಚೆನ್ನಾಗಿದೆ ಅನ್ನುತ್ತಿದ್ದರು. ನಾನು ನಂಬಿದೆ.

ಮೊದಲ ಪರೀಕ್ಷೆಯ ಬೆಳಿಗ್ಗೆ, ಮನೆಯಲ್ಲಿ ಹಿರಿಯರಿಗೆ ಮಾಡುವಂತೆ, ಸಾಲಾಗಿ ಬಂದು ನನ್ನ ಕಾಲು ಮುಟ್ಟಿದರು. ಅದೇ ಪರೀಕ್ಷೆಯನ್ನು ನಾನೂ ಬರೆಯಬೇಕಿತ್ತು. ಆದರೂ ಒಳ್ಳೆಯದಾಗಲಿ ಎಂದು ಹರಸಿದೆ.

ಅವರಿಗೆ ಒಳ್ಳೆಯದೇ ಆಯಿತು. ನಾನು ಇಡೀ ತರಗತಿಗೆ ಕೊನೆಯವನಾದೆ.

ಈ ವಯಸ್ಸಿಗೆ ಇದು ತಲೆಗೆ ಹತ್ತುವುದಿಲ್ಲ, ಬಿಟ್ಟುಬಿಡುವುದೇ ಸರಿ ಎಂದು ನಿಶ್ಚಯಿಸಿದೆ. ಹೇಳದೆ ಹೋಗಬಾರದೆಂದು ಮ್ಯಾಡಮ್ ಹತ್ತಿರ ಹೋದೆ. ಅವರು ನನ್ನ ಹಳೆಯ ಹಾಳೆಗಳನ್ನು ಕೇಳಿದರು. ಒಂದೊಂದಾಗಿ ತಿರುವಿ ಹಾಕಿ, ನಾಳೆ ಒಂದು ದಿನ ಬನ್ನಿ, ಆಮೇಲೆ ಬಿಡುವಿರಂತೆ ಎಂದರು.

ಮರುದಿನ ತರಗತಿಯಲ್ಲಿ ನೇರವಾಗಿ ಕೇಳಿದರು: ಕಾಕಾ ಅವರ ತಪ್ಪು ಯಾರಿಗೂ ಕಾಣಲಿಲ್ಲವೇ? ಎಲ್ಲರೂ ತಲೆ ತಗ್ಗಿಸಿದರು. ಕೊನೆಗೆ ಎರಡನೇ ಬೆಂಚಿನ ಒಬ್ಬ ಹುಡುಗಿ ಎದ್ದು, ಅಷ್ಟು ದೊಡ್ಡವರ ತಪ್ಪು ತೆಗೆಯುವುದು ಹೇಗೆ ಎಂದು ಮರಾಠಿಯಲ್ಲಿ ಕೇಳಿದಳು. ಮ್ಯಾಡಮ್, "ಚೂಕ್ ಮಾಝೀಚ್ ಆಹೇ" ಎಂದರು. ತಪ್ಪು ನನ್ನದೇ, ನಾನಿದನ್ನು ಯೋಚಿಸಬೇಕಿತ್ತು ಎಂದು.

ನನಗೇನು ಅನಿಸಿತೋ, ದಪ್ತರ ಎತ್ತಿಕೊಂಡು ಫ್ಯಾನಿನ ಬೆಂಚು ಬಿಟ್ಟು ಆ ಹುಡುಗಿಯ ಹಿಂದಿನ ಬೆಂಚಿಗೆ ಹೋದೆ. "ಸರೀರೆಪ್ಪಾ ಸ್ವಲ್ಪ" ಎಂದು ಹುಡುಗರ ನಡುವೆ ಕೂತು, ನನ್ನದೊಂದು ಹಳೆಯ ಹಾಳೆಯನ್ನು ಮುಂದೆ ಚಾಚಿ ಅವಳ ಮುಂದಿಟ್ಟೆ. ಅವಳ ಮನೆ ಮಾತೂ ಕನ್ನಡವೇ.

"ಗುಂಡ ಹಾಕವಾ."

"ಬ್ಯಾಡ್ರಿ ಕಾಕಾ, ಪಾಪ ಹತ್ತತದ."

"ನಿನ್ನ ಹಾಳಿಗಿ ನಾ ಹಾಕಿದಾಗ ನನಗ ಹತ್ತಲಿಲ್ಲೇನು?"

"ನೀವು ಗುಂಡ ಎಲ್ಲಿ ಹಾಕಿದ್ರಿ? ರಂಗೋಲಿನೇ ಹಾಕಿ ಕೊಟ್ಟಿದ್ರಿ!"

ಕನ್ನಡ ಬಲ್ಲವರು ನಕ್ಕರು, ಉಳಿದವರು ಕೇಳಿ ತಿಳಿದು ನಕ್ಕರು. ಆಗ ಅವಳಿಗೆ ಧೈರ್ಯ ಬಂತು. ಪೆನ್ಸಿಲ್ ಹಿಡಿದು ಓದಿದಳು.

"ಕಾಕಾ, ಗ್ರಾಮಸಭಾಕ್ಕೂ ಗ್ರಾಮಪಂಚಾಯತಿಗೂ ಫರಕ್ ಏನು ಅಂತ ಕೇಳ್ಯಾರ. ನೀವು ನಿಮ್ಮೂರಾಗ ನಳದ ನೀರಿಗಿ ನಡದ ಜಗಳ ಬರದೀರಿ. ಜಗಳ ಭಾಳ ಛಂದ ಅದ. ಉತ್ತರ ಎಲ್ಲದ?"

"ಆ ಜಗಳ ಗ್ರಾಮಸಭಾದಾಗೇ ಆಗಿತ್ತವಾ!"

"ಹಂಗಂತ ಬರೀರಿ ಮತ್ತ! ಊರ ಮತದಾರರೆಲ್ಲಾ ಕೂಡಿದ್ರ ಗ್ರಾಮಸಭಾ. ಅವ್ರು ಆರಿಸಿ ಕಳಿಸಿದೋರು ಪಂಚಾಯತಿ. ಮದಲ ಇದು ಬರ್ದು, ಆಮ್ಯಾಲ ಜಗಳ ತರ್ರಿ."

ಮೀಸೆ ಬಂದ ಮೇಲೆ ನನ್ನ ತಪ್ಪನ್ನು ಮುಖದ ಮೇಲೆ ಹೇಳಿದವರು ಕಡಿಮೆ. ಹಿರಿಯನೆಂದು ದೂರ ಕೂರಿಸಿದರೆ ಮನುಷ್ಯ ದಡ್ಡನಾಗಿಯೇ ಉಳಿಯುತ್ತಾನೆ ಎಂದು ಆ ದಿನ ತಿಳಿಯಿತು. ಮ್ಯಾಡಮ್ ಕೂಡ ಪದ್ಧತಿ ಬದಲಿಸಿದರು. ಮೊದಲು ತಾವೇ ಗೋಡೆಯ ಕರಿ ಫಳಿಯ ಮೇಲೆ ಒಂದು ಅರೆಬರೆ ಉತ್ತರ ಬರೆದು, ನಮ್ಮ ಕೈಗೆ ಸುಣ್ಣದ ಖಡು ಕೊಟ್ಟು ಗುಂಡ ಹಾಕಿಸುತ್ತಿದ್ದರು. ಗುರುವಿನ ತಪ್ಪು ಹಿಡಿದ ಮೇಲೆ ಕಾಕಾನ ತಪ್ಪು ಯಾವ ದೊಡ್ಡದು?

ಕಾಲೇಜು ಬಿಡುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಮುಂದಿನ ಪರೀಕ್ಷೆಯ ಬೆಳಿಗ್ಗೆ ಯಾರೂ ಕಾಲು ಮುಟ್ಟಲಿಲ್ಲ. ಬಾಗಿಲಲ್ಲಿ ಆ ಹುಡುಗಿ, "ಕಾಕಾ, ಪ್ರಶ್ನಿ ನೆಟ್ಟಗ ಓದ್ರಿ. ಜಗಳ ಆಮ್ಯಾಲ!" ಎಂದು ಕೂಗಿದಳು. ಪಾಸಾದೆ, ಎಲ್ಲೋ ನಡುವಿನಲ್ಲಿ, ಅವರೆಲ್ಲರ ನಡುವೆ.

ಮೊದಲಿಗೆ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದಿದ್ದೆ. ಬೇಡ, ಗುಂಡ ಸುತ್ತಿ ತೋರಿಸಿ. ನೀವೂ ತಡವಾಗಿ ಬೆಂಚಿನ ಮೇಲೆ ಕೂತವರಾಗಿದ್ದರೆ, ಅಥವಾ ಅಂಥವರಿಗೆ ಸರಿದು ಜಾಗ ಕೊಟ್ಟವರಾಗಿದ್ದರೆ, ಅಲ್ಲಿ ಏನಾಯಿತೆಂದು ಬರೆಯಿರಿ. ನನಗೆ ಓದುವ ಆಸೆ ಇದೆ.